ಆ ಹುಡುಗನ ಕಡೆ ಒಮ್ಮೆ ನೋಡಿ

‘ಇಡಾ’ ಚಿತ್ರ ನೋಡಿ ಕಣ್ಣೊರೆಸಿಕೊಂಡವರೇ, ಈ ಮಾತು ನಿಮ್ಮೊಂದಿಗೆ. ಚಿತ್ರವನ್ನು ನೋಡದವರ ಮೇಲೆ ನನಗೆ ಯಾವ ದೂರೂ ಇಲ್ಲ. ನೋಡಿಯೂ ಎದೆ ಅಲುಗದವರ ಜೊತೆ ವಾದಕ್ಕಿಳಿಯುವ ತ್ರಾಣವೂ ನನ್ನಲ್ಲಿಲ್ಲ. ನೀವು ಅಂಥವರಲ್ಲ. ನಿಮ್ಮ ಗಂಟಲು ಕಟ್ಟಿತ್ತು, ದೀಪ ಹತ್ತಿದ ಮೇಲೂ ಕುರ್ಚಿಯಿಂದ ಏಳಲು ನಿಮಗೆ ಒಂದಿಷ್ಟು ಹೊತ್ತು ಬೇಕಾಯಿತು, ಪಕ್ಕದವರ ಮುಖ ನೋಡದೆ ಮೆಟ್ಟಿಲಿಳಿದಿರಿ. ಅಷ್ಟರಮಟ್ಟಿಗೆ ನೀವು ಆ ಕಾಡಿನ ಗುಂಡಿಯ ತನಕ ಹೋಗಿ ಬಂದವರು. ಆಮೇಲೆ ಏನಾಯಿತು? ಹೊರಗೆ ಬಂದು ಮಾತು ಶುರುವಾದಾಗ, ವಾರ್ಸಾದಲ್ಲಾಗಲಿ, ಪ್ಯಾರಿಸ್ಸಿನಲ್ಲಾಗಲಿ, ಬೆಂಗಳೂರಿನಲ್ಲಾಗಲಿ, ಮಾತೆಲ್ಲ ಬೇರೆ ಕಡೆಗೇ ಹರಿಯಿತು. ದೇಶದ ಮಾನದ ಬಗ್ಗೆ ಮಾತಾಡಿದೆವು, ಸಿದ್ಧಾಂತದ ಬಗ್ಗೆ ಮಾತಾಡಿದೆವು, ಕ್ಯಾಮೆರಾದ ಬಗ್ಗೆ ಗಂಟೆಗಟ್ಟಲೆ ಮಾತಾಡಿದೆವು. ಗುಂಡಿಯಿಂದ ಮೇಲೆ ಬಂದ ಆ ಪುಟ್ಟ ತಲೆಬುರುಡೆಯ ಬಗ್ಗೆ ಮಾತ್ರ ಯಾರೂ ಬಾಯಿ ಬಿಡಲಿಲ್ಲ.

ಕಥೆ ನಿಮಗೆ ಗೊತ್ತಿದೆ, ಆದರೂ ಒಮ್ಮೆ ಹೇಳಿಬಿಡುತ್ತೇನೆ. ಪಾವೆಲ್ ಪಾವ್ಲಿಕೋವ್‌ಸ್ಕಿ ನಿರ್ದೇಶಿಸಿ 2013ರಲ್ಲಿ ಬಿಡುಗಡೆಯಾದ, ಒಂದೂವರೆ ಗಂಟೆಯೂ ಇಲ್ಲದ ಕಪ್ಪು ಬಿಳುಪಿನ ಪೋಲಿಷ್ ಚಿತ್ರ. ಕಾಲ 1962. ಅನಾಥೆಯಾಗಿ ಕಾನ್ವೆಂಟಿನಲ್ಲಿ ಬೆಳೆದ ಅನ್ನಾ ಎಂಬ ಹುಡುಗಿ ಸನ್ಯಾಸದ ವ್ರತ ತೊಡಲಿದ್ದಾಳೆ. ಅದಕ್ಕೆ ಮುಂಚೆ, ಇರುವ ಒಬ್ಬಳೇ ಬಂಧುವನ್ನು ನೋಡಿಕೊಂಡು ಬಾ ಎಂದು ಮಠದ ಹಿರಿಯಳು ಅವಳನ್ನು ಕಳುಹಿಸುತ್ತಾಳೆ. ಆ ಬಂಧು ಚಿಕ್ಕಮ್ಮ ವಾಂದಾ. ಸಿಗರೇಟು, ಮದ್ಯ, ಕಹಿಯಾದ ನಗೆ. ಈಗ ನ್ಯಾಯಾಧೀಶೆ, ಹಿಂದೆ ಸ್ಟಾಲಿನ್ ಕಾಲದ ಸರ್ಕಾರಿ ವಕೀಲೆಯಾಗಿ ಜನರನ್ನು ಗಲ್ಲಿಗೆ ಕಳಿಸಿದವಳು. ಬಾಗಿಲು ತೆಗೆದ ಚಿಕ್ಕಮ್ಮ ಬಳಸು ಮಾತಿಲ್ಲದೆ ಹೇಳುತ್ತಾಳೆ: ನೀನು ಅನ್ನಾ ಅಲ್ಲ, ಇಡಾ ಲೆಬೆನ್‌ಸ್ಟೈನ್, ನಿನ್ನ ತಂದೆತಾಯಿ ಯಹೂದಿಗಳು, ಅವರ ಸಮಾಧಿ ಎಲ್ಲಿದೆಯೋ ಗೊತ್ತಿಲ್ಲ. ಇಬ್ಬರೂ ಹುಡುಕಿಕೊಂಡು ಹೊರಡುತ್ತಾರೆ. ಹಳ್ಳಿಯಲ್ಲಿ ತಮ್ಮದೇ ಆಗಿದ್ದ ಮನೆಯ ಬಾಗಿಲು ತಟ್ಟುತ್ತಾರೆ. ಬಾಗಿಲು ತೆಗೆದ ಹೆಂಗಸು, ಸನ್ಯಾಸಿನಿಯ ವೇಷ ಕಂಡು, ತನ್ನ ಕಂಕುಳ ಕೂಸನ್ನು ಹರಸಿ ಅಂತ ಕೇಳುತ್ತಾಳೆ. ಇಡಾ ಹರಸುತ್ತಾಳೆ. ಕೊಟ್ಟಿಗೆಯ ಕಿಟಕಿಯಲ್ಲಿ ಬಣ್ಣದ ಗಾಜಿನ ತುಂಡುಗಳು ಇನ್ನೂ ಇವೆ, ಇಡಾಳ ತಾಯಿ ಕೂರಿಸಿದವು. ಹಸುಗಳು ಇನ್ಯಾರದೋ.

ಆ ಮನೆಯಲ್ಲಿ ಈಗ ಇರುವವನು ಫೆಲಿಕ್ಸ್. ಯುದ್ಧದ ದಿನಗಳಲ್ಲಿ ಈ ಯಹೂದಿ ಕುಟುಂಬವನ್ನು ಕಾಡಿನಲ್ಲಿ ಅಡಗಿಸಿಟ್ಟು, ಕದ್ದುಮುಚ್ಚಿ ಊಟ ಹೊತ್ತುಕೊಂಡು ಹೋಗಿ ಕೊಟ್ಟದ್ದು ಅವನ ಮನೆಯವರೇ. ಕೊಂದದ್ದೂ ಅವನೇ. ಮನೆಯ ಮೇಲಿನ ಹಕ್ಕು ಬಿಟ್ಟುಕೊಟ್ಟರೆ ಹೂತ ಜಾಗ ತೋರಿಸುತ್ತೇನೆ ಅಂತ ಇಡಾಳೊಡನೆ ಒಪ್ಪಂದ ಮಾಡಿಕೊಂಡು, ಕಾಡಿಗೆ ಕರೆದೊಯ್ದು, ಅಗೆದು, ಎಲುಬುಗಳನ್ನು ಒಂದೊಂದಾಗಿ ಎತ್ತಿ ಕೊಡುತ್ತಾನೆ. ತಾನು ಯಾಕೆ ಈ ಗುಂಡಿಯಲ್ಲಿಲ್ಲ ಅಂತ ಇಡಾ ಕೇಳಿದಾಗ ಅವನ ಬಾಯಿಂದ ಬರುವ ಕಾರಣ ನಿಮಗೆ ನೆನಪಿದೆಯಲ್ಲವೇ: ಅವಳು ತೀರಾ ಚಿಕ್ಕವಳು, ಯಹೂದಿ ಅಂತ ಯಾರಿಗೂ ತಿಳಿಯುವಂತಿರಲಿಲ್ಲ, ಹಾಗಾಗಿ ಪಾದ್ರಿಯ ಕೈಗೆ ಒಪ್ಪಿಸಿದ. ಹುಡುಗ ಮಾತ್ರ ಕಪ್ಪಗಿದ್ದ, ಅವನಿಗೆ ಸುನ್ನತಿ ಆಗಿತ್ತು.

ಆ ಹುಡುಗ ವಾಂದಾಳ ಮಗ. ನಾಜಿಗಳ ವಿರುದ್ಧ ಹೋರಾಡಲು ಹೊರಟ ತಾಯಿ ಅವನನ್ನು ಅಕ್ಕನ ಬಳಿ ಬಿಟ್ಟುಹೋಗಿದ್ದಳು. ಇಪ್ಪತ್ತು ವರ್ಷವಾಗುತ್ತ ಬಂದ ಮೇಲೆ, ತಲೆಗೆ ಕಟ್ಟಿಕೊಳ್ಳುವ ವಸ್ತ್ರದಲ್ಲಿ ಸುತ್ತಿ ಅವನನ್ನು ಎದೆಗೊತ್ತಿಕೊಂಡು ಕಾಡಿನಿಂದ ಹೊರಗೆ ನಡೆಯುತ್ತಾಳೆ. ಅಷ್ಟು ಹಗುರವಾಗಿದ್ದಾನೆ ಅವನು. ನಿಮ್ಮನ್ನು ಬೇಡಿಕೊಳ್ಳುತ್ತೇನೆ, ಇನ್ನು ಯಾವುದರ ಬಗ್ಗೆ ಮಾತಾಡುವ ಮುಂಚೆ, ಆ ಹುಡುಗನ ಕಡೆ ಒಮ್ಮೆ ನೋಡಿ.

ಪೋಲೆಂಡಿನಲ್ಲಿ ಏನಾಯಿತೆಂದರೆ, ಮೊದಲಿಗೆ ಹೆಚ್ಚೇನೂ ಆಗಲಿಲ್ಲ. ಗ್ದಿನ್ಯಾ ಉತ್ಸವದಲ್ಲಿ ಮೊದಲ ಬಹುಮಾನ ಬಂದರೂ ಚಿತ್ರಮಂದಿರಗಳು ತುಂಬಲಿಲ್ಲ. ತಾಯ್ನಾಡಿಗಿಂತ ಫ್ರಾನ್ಸಿನಲ್ಲೇ ಹೆಚ್ಚು ಜನ ಅದನ್ನು ನೋಡಿದರು. ಗದ್ದಲ ಎದ್ದದ್ದು ಆಸ್ಕರ್ ಹತ್ತಿರ ಬಂದಾಗ. ದೇಶದ ಒಳ್ಳೆಯ ಹೆಸರನ್ನು ಕಾಯುವುದೇ ತನ್ನ ಕೆಲಸವೆಂದುಕೊಂಡ ಒಂದು ಸಂಘ 2015ರ ಜನವರಿಯಲ್ಲಿ ಸಹಿ ಸಂಗ್ರಹಕ್ಕಿಳಿಯಿತು; ಹತ್ತಾರು ಸಾವಿರ ಜನ ಸಹಿ ಹಾಕಿದರು. ಅವರು ಚಿತ್ರವನ್ನು ನಿಷೇಧಿಸಿ ಅನ್ನಲಿಲ್ಲ. ಚಿತ್ರದ ಜೊತೆಗೆ ನಾಲ್ಕು ಸಾಲು ಬರಹ ಸೇರಿಸಿ ಅಂದರು: ಪೋಲೆಂಡ್ ಆಗ ಜರ್ಮನರ ವಶದಲ್ಲಿತ್ತು, ಯಹೂದಿಗಳ ಸಾಮೂಹಿಕ ಹತ್ಯೆ ನಡೆಸಿದವರು ಜರ್ಮನರು, ಯಹೂದಿಗಳಿಗೆ ಆಸರೆ ಕೊಟ್ಟ ಪೋಲಿಷರಿಗೆ ಮರಣದಂಡನೆ ಕಾದಿತ್ತು. ಫೆಬ್ರವರಿಯಲ್ಲಿ ಆಸ್ಕರ್ ಬಂತು, ಪೋಲಿಷ್ ಭಾಷೆಯ ಚಿತ್ರವೊಂದಕ್ಕೆ ವಿದೇಶಿ ಭಾಷಾ ಚಿತ್ರಗಳ ವಿಭಾಗದಲ್ಲಿ ಸಿಕ್ಕ ಮೊದಲ ಪ್ರಶಸ್ತಿ. ಮರುವರ್ಷ, ಸರ್ಕಾರ ಬದಲಾದ ಮೇಲೆ, ಸರ್ಕಾರಿ ಟೆಲಿವಿಷನ್ನಿನಲ್ಲಿ ಚಿತ್ರ ಬಂದಾಗ ಅದಕ್ಕೆ ಮುಂಚೆ ಆ ಎಚ್ಚರಿಕೆಯ ಮಾತುಗಳೂ ಚಿತ್ರದ ತಪ್ಪೊಪ್ಪುಗಳ ಚರ್ಚೆಯೂ ಬಂದವು. ನೋಡುವವನು ಕಣ್ಣು ತೆರೆಯುವುದಕ್ಕೂ ಮುಂಚೆಯೇ ಹೇಗೆ ನೋಡಬೇಕೆಂದು ಹೇಳಿಕೊಟ್ಟಾಗಿತ್ತು.

ಸಹಿ ಹಾಕಿದವರನ್ನು ಹೀಗಳೆಯುವುದು ಸುಲಭ, ನಾನು ಹೀಗಳೆಯುವುದಿಲ್ಲ. ಅವರು ಬರೆಯಿಸಬೇಕೆಂದದ್ದೆಲ್ಲ ನಿಜ. ಅಕ್ಷರಶಃ ನಿಜ. ಮಾರ್ಕೊವಾ ಎಂಬ ಹಳ್ಳಿಯಲ್ಲಿ ಯೂಜೆಫ್ ಉಲ್ಮಾ, ವಿಕ್ಟೋರಿಯಾ ಉಲ್ಮಾ ಎಂಬ ರೈತ ದಂಪತಿ ಎಂಟು ಮಂದಿ ಯಹೂದಿಗಳನ್ನು ಅಟ್ಟದ ಮೇಲೆ ಅಡಗಿಸಿಟ್ಟಿದ್ದರು. 1944ರ ಮಾರ್ಚ್ 24ರಂದು ಜರ್ಮನ್ ಪೊಲೀಸರು ಬಂದು ಆ ಎಂಟೂ ಜನರನ್ನು, ಗಂಡನನ್ನು, ತುಂಬು ಗರ್ಭಿಣಿ ಹೆಂಡತಿಯನ್ನು, ಅವರ ಆರು ಮಕ್ಕಳನ್ನು ಗುಂಡಿಟ್ಟು ಕೊಂದರು. ಯಹೂದಿಗಳನ್ನು ಉಳಿಸಿದ್ದಕ್ಕಾಗಿ ಇಸ್ರೇಲಿನ ಯಾದ್ ವಾಶೆಮ್ ಸಂಸ್ಥೆ ಗೌರವಿಸಿದ ಬೇರೆ ದೇಶದವರಲ್ಲಿ ಪೋಲಿಷರೇ ಎಲ್ಲರಿಗಿಂತ ಹೆಚ್ಚು, ಏಳು ಸಾವಿರಕ್ಕೂ ಮಿಕ್ಕಿ. ಆ ಯುದ್ಧದಲ್ಲಿ ಪೋಲೆಂಡ್ ಕಳೆದುಕೊಂಡ ಜೀವ ಸುಮಾರು 60 ಲಕ್ಷ, ಅದರಲ್ಲಿ ಅರ್ಧದಷ್ಟು ಯಹೂದಿಗಳು. ಇಷ್ಟೆಲ್ಲ ನೋವು ತಿಂದ ಜನ, ಜರ್ಮನರು ತಮ್ಮ ನೆಲದಲ್ಲಿ ಕಟ್ಟಿದ ಸಾವಿನ ಶಿಬಿರಗಳಿಗೆ ಹೊರಗಿನವರು ತಮ್ಮ ಹೆಸರು ಅಂಟಿಸುವುದನ್ನು ಕೇಳಿ ಕೇಳಿ ಬೇಸತ್ತ ಜನ, ಒಂದು ಚಿತ್ರ ಪ್ರಪಂಚವನ್ನೆಲ್ಲ ಸುತ್ತಿ ಬರುವಾಗ ತಮ್ಮ ಪಾಡನ್ನೂ ಒಂದು ಸಾಲಿನಲ್ಲಿ ಹೇಳಿ ಅಂತ ಕೇಳಿಕೊಂಡರೆ ಅದರಲ್ಲಿ ದುಷ್ಟತನವಿಲ್ಲ. ಗಾಯ ಮುಟ್ಟಿದರೆ ಯಾರೇ ಆದರೂ ಕೈ ಹಿಂದಕ್ಕೆಳೆಯುತ್ತಾರೆ.

ಆದರೂ, ಸಹಿ ಹಾಕಿದ ಅಣ್ಣಂದಿರೇ ಅಕ್ಕಂದಿರೇ, ಕನ್ನಡದಲ್ಲಿ ಬರೆಯುವ ನನ್ನ ಮಾತು ನಿಮ್ಮ ತನಕ ತಲುಪಲಾರದೆಂದು ಗೊತ್ತಿದ್ದೂ ಕೇಳುತ್ತೇನೆ, ನೀವು ಸೇರಿಸಬೇಕೆಂದ ಆ ಸಾಲುಗಳನ್ನು ಗುಂಡಿಯ ಅಂಚಿನಲ್ಲಿ ನಿಂತು ಗಟ್ಟಿಯಾಗಿ ಓದಬಲ್ಲಿರಾ? ವಸ್ತ್ರದಲ್ಲಿ ಮಗನ ತಲೆಯನ್ನು ಸುತ್ತುತ್ತಿರುವ ತಾಯಿಗೆ, ನಮ್ಮಲ್ಲಿ ಒಳ್ಳೆಯವರೂ ಇದ್ದರು ಅಂತ ಹೇಳಬಲ್ಲಿರಾ? ಇದ್ದರು ಅನ್ನುವುದು ಅವಳಿಗೂ ಗೊತ್ತು. ಅವಳ ಅಕ್ಕನ ಸಂಸಾರಕ್ಕೆ ಊಟ ತಂದುಕೊಟ್ಟವರೂ ಅವರೇ. ಉಲ್ಮಾ ದಂಪತಿಯ ಪುಣ್ಯ ಉಲ್ಮಾ ದಂಪತಿಯದು. ಅದನ್ನು ತಂದು ಇನ್ನೊಬ್ಬರ ಮನೆಯ ಬಾಗಿಲಿಗೆ ಪರದೆಯಾಗಿ ಇಳಿಬಿಟ್ಟರೆ ಅವರ ಮೇಲೂ ಅನ್ಯಾಯವೇ. ಅವರು ಪ್ರಾಣ ಕೊಟ್ಟದ್ದು ಒಂದು ದೇಶದ ಹೆಸರಿಗಾಗಿ ಅಲ್ಲ, ಅಟ್ಟದ ಮೇಲಿದ್ದ ಎಂಟು ಜನರಿಗಾಗಿ. ನಿಮ್ಮ ನಿಜ ನಿಜವೇ. ಆದರೆ ಆ ಹುಡುಗನ ಕಡೆ ಒಮ್ಮೆ ನೋಡಿ.

ಇನ್ನೊಂದು ಕಡೆಯಿಂದ ಎದ್ದ ಮಾತು ಬೇರೆ ಬಗೆಯದು. ಯಹೂದಿ ದ್ವೇಷದ ಇತಿಹಾಸವನ್ನು ಚೆನ್ನಾಗಿ ಬಲ್ಲ ಪೋಲಿಷ್ ಲೇಖಕರು, ಅವರಲ್ಲಿ ಯಹೂದಿ ಮೂಲದವರೂ ಇದ್ದರು, ವಾಂದಾಳ ಪಾತ್ರದ ಬಗ್ಗೆ ನೊಂದು ಬರೆದರು. ಕಮ್ಯುನಿಸ್ಟ್ ದಬ್ಬಾಳಿಕೆಗೆ ಯಹೂದಿಗಳೇ ಕಾರಣ ಅನ್ನುವುದು ಅಲ್ಲಿ ತಲೆಮಾರುಗಳಿಂದ ಓಡಾಡುವ ವಿಷದ ಮಾತು. ಅಂಥ ಕಡೆ ಒಬ್ಬ ಯಹೂದಿ ಹೆಂಗಸನ್ನು ರಕ್ತ ಹತ್ತಿದ ಕೈಯ ವಕೀಲೆಯಾಗಿ ಚಿತ್ರಿಸಿದರೆ, ನೋಡುವವನ ಮನಸ್ಸಿನಲ್ಲಿ ಲೆಕ್ಕ ಚುಕ್ತಾ ಆಗಿಬಿಡುವುದಿಲ್ಲವೇ, ಅವರೂ ಕೊಂದರು ಇವರೂ ಕೊಂದರು ಅಂತ? ಪ್ರಶ್ನೆ ನ್ಯಾಯವಾದದ್ದು. ಆ ಪಾತ್ರಕ್ಕೆ ಒಂದಿಷ್ಟು ಪ್ರೇರಣೆ ಕೊಟ್ಟ ಹೆಂಗಸು ನಿಜವಾಗಿಯೂ ಇದ್ದಳು: ಹೆಲೆನಾ ವೊಲಿನ್‌ಸ್ಕಾ, ಆ ಕಾಲದ ಸೇನಾ ವಕೀಲೆ, ಮುಂದೆ ಆಕ್ಸ್‌ಫರ್ಡಿನಲ್ಲಿ ವೃದ್ಧಾಪ್ಯ ಕಳೆದವಳು, ಪೋಲೆಂಡ್ ಕೇಳಿದರೂ ಬ್ರಿಟನ್ ಅವಳನ್ನು ಒಪ್ಪಿಸಲಿಲ್ಲ. ಪಾವ್ಲಿಕೋವ್‌ಸ್ಕಿ ಅವಳನ್ನು ಭೇಟಿಯಾಗಿದ್ದರು. ನನಗೇನೋ, ವಾಂದಾ ಯಾವ ಲೆಕ್ಕದ ಪುಸ್ತಕಕ್ಕೂ ಸರಿಹೊಂದುವ ಅಂಕಿಯಾಗಿ ಕಾಣಲಿಲ್ಲ. ಅಗಾತಾ ಕುಲೇಶಾ ಆ ಪಾತ್ರವನ್ನು ಮಾಡಿರುವ ಬಗೆಯೇ ಅಂಥದ್ದು, ಯಾವ ಅಳತೆಗೂ ಸಿಕ್ಕುವುದಿಲ್ಲ. ಎಷ್ಟೋ ಜನರಿಗೆ ಮರಣ ಕೇಳಿ ವಾದಿಸಿದವಳು ತನ್ನ ಮಗನ ಕೊಲೆಗೆ ಒಂದು ದೂರನ್ನೂ ಬರೆಯಲಿಲ್ಲ. ಬರೆದಿದ್ದರೂ ಯಾವ ಕೋರ್ಟು, ಯಾವ ಸಾಕ್ಷಿ? ಊರಿಗೆ ಊರೇ ಬಾಯಿ ಮುಚ್ಚಿಕೊಂಡಿತ್ತು. ಕೊನೆಗೆ ಒಂದು ಬೆಳಿಗ್ಗೆ, ಮೊಜಾರ್ಟನ ರೆಕಾರ್ಡು ಹಾಕಿ, ಕೋಟು ತೊಟ್ಟು, ತೆರೆದ ಕಿಟಕಿಯಿಂದ ಪಕ್ಕದ ಕೋಣೆಗೆ ಹೋಗುವವಳ ಹಾಗೆ ಹೊರಗೆ ಹೆಜ್ಜೆ ಇಡುತ್ತಾಳೆ. ಅವಳ ಪಾಪಗಳ ವಿಚಾರಣೆ ಆಗಲಿ, ಆಗಲೇಬೇಕು. ಆದರೆ ತಾಯಿಯ ಪಾಪಕ್ಕೆ ಮಗನನ್ನು ಮತ್ತೆ ಹೂಳಬೇಡಿ. ಅವಳು ವಕೀಲೆಯಾಗುವುದಕ್ಕೂ ಎಷ್ಟೋ ಮುಂಚೆ ಅವನು ಮಣ್ಣು ಸೇರಿಯಾಗಿತ್ತು.

ಹಾಗಾದರೆ ನಾವು? ಪೋಲೆಂಡಿನವರಲ್ಲದ ನಾವು, ಬೆಂಗಳೂರಿನ ಸುಚಿತ್ರಾ ಫಿಲ್ಮ್ ಸೊಸೈಟಿಯ ಸಭಾಂಗಣದಲ್ಲೋ ಹೆಗ್ಗೋಡಿನ ನೀನಾಸಮ್‌ನಲ್ಲೋ ಅರ್ಥವಾಗದ ಭಾಷೆಯ ಚಿತ್ರಗಳನ್ನು ಕೆಳಗಿನ ಅಕ್ಷರ ಓದಿಕೊಂಡು ಎದೆಗಿಳಿಸಿಕೊಳ್ಳಲು ಕಲಿತ ಪರಂಪರೆಯವರು, ನಮಗೆ ಕಾಯಬೇಕಾದ ದೇಶದ ಮಾನವೂ ಅಲ್ಲಿರಲಿಲ್ಲ, ಗೆಲ್ಲಬೇಕಾದ ವಾದವೂ ಇರಲಿಲ್ಲ. ಎಲ್ಲರಿಗಿಂತ ಸಲೀಸಾಗಿ ಆ ಗುಂಡಿಯ ಬಳಿ ನಿಲ್ಲಬಹುದಾಗಿದ್ದವರು ನಾವೇ. ನಾವು ಏನು ಮಾಡಿದೆವು? ಚೌಕದ ಚೌಕಟ್ಟನ್ನು ಹೊಗಳಿದೆವು. ಮುಖಗಳನ್ನು ಪರದೆಯ ಅಂಚಿಗೆ ಒತ್ತರಿಸಿ ಮೇಲೆಲ್ಲ ಖಾಲಿ ಬಿಟ್ಟ ಸೊಬಗನ್ನು ಹೊಗಳಿದೆವು. ಲೆನ್‌ಚೆವ್‌ಸ್ಕಿ, ಜಾಲ್ ಎಂಬ ಇಬ್ಬರು ಛಾಯಾಗ್ರಾಹಕರ ಹೆಸರುಗಳನ್ನು ನಾಲಿಗೆ ತೊಡರಿಸಿಕೊಂಡಾದರೂ ನೆನಪಿಟ್ಟುಕೊಂಡೆವು. ಮುಖ್ಯ ಪಾತ್ರದ ಹುಡುಗಿಗೆ ನಟನೆಯ ಹಿನ್ನೆಲೆಯೇ ಇರಲಿಲ್ಲ, ಅವಳು ಕೆಫೆಯೊಂದರಲ್ಲಿ ಕಣ್ಣಿಗೆ ಬಿದ್ದವಳು ಅನ್ನುವ ಸ್ವಾರಸ್ಯವನ್ನು ಒಬ್ಬರಿಗೊಬ್ಬರು ಹೇಳಿಕೊಂಡೆವು. ಹೊಗಳಬಾರದೆಂದಲ್ಲ. ಆ ಚಿತ್ರಕ್ಕೆ ಅಷ್ಟೂ ಹೊಗಳಿಕೆ ಸಲ್ಲಬೇಕು, ಇನ್ನೂ ಹೆಚ್ಚೇ ಸಲ್ಲಬೇಕು. ಆದರೆ ಸೊಗಸು ಸೊಗಸು ಅನ್ನುತ್ತಾ ನಾವು ಮೆಲ್ಲಗೆ ಹಿಂದೆ ಸರಿದೆವು, ಸಾವಿನ ಮನೆಗೆ ಹೋದವರು ಹೆಣದ ಮೇಲಿನ ಹೂವಿನ ಹಾರ ಎಷ್ಟು ಚೆನ್ನಾಗಿದೆ ಅಂತ ಮಾತಾಡಿಕೊಂಡು ಬಂದ ಹಾಗೆ. ದೂರದ ದೇಶ, ಹಳೆಯ ಕಾಲ, ಕಪ್ಪು ಬಿಳುಪು: ಮೂರು ಪರದೆಗಳ ಹಿಂದೆ ನಾವು ಸುರಕ್ಷಿತರು. ಫೆಲಿಕ್ಸನ ಮನೆಯಂಥ ಮನೆ ನಿಮ್ಮ ಊರಲ್ಲೂ ಇದೆಯೇ ಅಂತ ಕೇಳಲು ನಾನು ಬಂದಿಲ್ಲ. ಅದನ್ನು ನೀವೇ ಕೇಳಿಕೊಳ್ಳುವಷ್ಟು ಪ್ರಾಮಾಣಿಕರೆಂದು ನಂಬಿದ್ದೇನೆ. ನಾನು ಬೇಡುವುದು ಇಷ್ಟೇ, ಆ ಚೌಕದ ಚೌಕಟ್ಟಿನ ಒಳಗೆ, ಆ ಹುಡುಗನ ಕಡೆ ಒಮ್ಮೆ ನೋಡಿ.

ನೋಡಿದರೆ ಏನು ಬಂತು, ಸತ್ತವನು ಎದ್ದು ಬರುತ್ತಾನೆಯೇ ಅಂತ ನೀವು ಕೇಳಬಹುದು. ಅವನು ಬರುವುದಿಲ್ಲ. ಆದರೆ ಅಳುವವರು ಅತ್ತು ಎದ್ದುಹೋದ ಮೇಲೆ ಆ ಗುಂಡಿಯ ಬಳಿ ಒಂಟಿಯಾಗಿ ಉಳಿದುಬಿಡುವ ಜೀವಂತ ಜನರಿದ್ದಾರೆ, ಅವರ ಪಾಡು ನಿಮಗೆ ಗೊತ್ತಿರಲಿ.

ಯೆದ್ವಾಬ್ನೆ ಎಂಬ ಸಣ್ಣ ಊರು. 1941ರ ಜುಲೈ 10ರಂದು, ಜರ್ಮನರು ಆ ಪ್ರದೇಶಕ್ಕೆ ಕಾಲಿಟ್ಟು ಮೂರು ವಾರವೂ ಆಗಿರಲಿಲ್ಲ, ಅಲ್ಲಿನ ಯಹೂದಿಗಳನ್ನು ಅವರ ನೆರೆಮನೆಯವರೇ ಕಣಜವೊಂದಕ್ಕೆ ತಳ್ಳಿ ಬೆಂಕಿ ಇಟ್ಟರು. ಕುಮ್ಮಕ್ಕು ಜರ್ಮನರದು, ಕೈ ಊರವರದು. ಸತ್ತವರು ಕಡಿಮೆಯೆಂದರೂ 340 ಜನ ಎಂದು ಮುಂದೆ ಪೋಲೆಂಡಿನ ಸರ್ಕಾರಿ ತನಿಖೆಯೇ ಹೇಳಿತು. ಆ ಊರಿನ ಸ್ಮಾರಕದ ಕಲ್ಲಿನ ಮೇಲೆ ದಶಕಗಳ ಕಾಲ ಬರೆದಿದ್ದದ್ದು ಇದು ಜರ್ಮನರ ಕೆಲಸ ಎಂದು. 2000ದಲ್ಲಿ ಇತಿಹಾಸಕಾರ ಯಾನ್ ಗ್ರೋಸ್ ‘ನೆರೆಹೊರೆಯವರು’ ಎಂಬ ಅರ್ಥದ ಹೆಸರಿನ ಪುಟ್ಟ ಪುಸ್ತಕ ಬರೆದಾಗ ದೇಶವೇ ಅಲುಗಿತು. ಮರುವರ್ಷ ಅದೇ ಜುಲೈ 10ರಂದು ಅಧ್ಯಕ್ಷ ಕ್ವಾಶ್ನ್ಯೆವ್‌ಸ್ಕಿ ಆ ಊರಿಗೇ ಬಂದು ಕ್ಷಮೆ ಕೇಳಿದರು. ಊರಿನ ಹೆಚ್ಚಿನವರು ಹೊರಗೆ ಬರಲಿಲ್ಲ. ಸತ್ತವರನ್ನು ನೆನೆಯೋಣ ಎಂದು ನಿಂತಿದ್ದ ಊರಿನ ಮೇಯರ್ ಸ್ಥಾನ ಬಿಟ್ಟು, ಕೊನೆಗೆ ಊರನ್ನೂ ಬಿಟ್ಟು, ಅಮೆರಿಕಕ್ಕೆ ಹೋಗಬೇಕಾಯಿತು. ಅವನು ಬೆಂಕಿ ಇಟ್ಟವನಲ್ಲ. ಬೆಂಕಿ ಇಟ್ಟದ್ದು ಹೌದು ಅಂದವನು.

ಇಂಥದ್ದೇ ಕಥೆಯ ‘ಪೊಕ್ವೊಶೆ’ ಎಂಬ ಚಿತ್ರ 2012ರಲ್ಲಿ ಬಂದಾಗ, ಯಹೂದಿ ಸಮಾಧಿ ಕಲ್ಲುಗಳನ್ನು ತನ್ನ ಹೊಲದಲ್ಲಿ ಕೂಡಿಸಿಡುವ ರೈತನಾಗಿ ನಟಿಸಿದ ಮಾಚೆಯ್ ಶ್ತೂರ್ ಮೇಲೆ ಬೈಗುಳದ ಮಳೆ ಸುರಿಯಿತು. ಅವನು ಪಾತ್ರ ಮಾಡಿದ್ದ, ಅಷ್ಟೇ. 2018ರಲ್ಲಿ, ನಾಜಿಗಳ ಅಪರಾಧಕ್ಕೆ ಪೋಲಿಷ್ ರಾಷ್ಟ್ರವನ್ನು ಹೊಣೆ ಮಾಡಿದರೆ ಮೂರು ವರ್ಷದವರೆಗೆ ಜೈಲು ಎಂಬ ಕಾನೂನು ಬಂತು. ಹೊರಗಿನಿಂದ ಆಕ್ಷೇಪ ಜೋರಾದ ಮೇಲೆ ಜೈಲಿನ ಮಾತನ್ನು ಕೆಲವೇ ತಿಂಗಳಲ್ಲಿ ತೆಗೆದರು, ಭಯವನ್ನು ತೆಗೆಯಲಾಯಿತೇ? ಆಮೇಲೆ ಬಾರ್ಬರಾ ಎಂಗೆಲ್‌ಕಿಂಗ್, ಯಾನ್ ಗ್ರಬೋವ್‌ಸ್ಕಿ ಎಂಬ ಇಬ್ಬರು ಇತಿಹಾಸಕಾರರನ್ನು, ಎರಡು ಸಂಪುಟಗಳ ದೊಡ್ಡ ಅಧ್ಯಯನದಲ್ಲಿ ಯುದ್ಧಕಾಲದ ಒಬ್ಬ ಹಳ್ಳಿ ಮುಖಂಡನ ಬಗ್ಗೆ ಬರೆದ ಕೆಲವು ಸಾಲಿಗಾಗಿ, ಕೋರ್ಟಿನ ಕಟಕಟೆಗೆ ಎಳೆಯಲಾಯಿತು. ದಾವೆಯ ಬೆನ್ನಿಗೆ ನಿಂತದ್ದು ‘ಇಡಾ’ ವಿರುದ್ಧ ಸಹಿ ಕೂಡಿಸಿದ ಅದೇ ಸಂಘ. 2021ರಲ್ಲಿ ಕೆಳಗಿನ ಕೋರ್ಟು ಕ್ಷಮೆ ಕೇಳಿ ಎಂದಿತು. ಅದೇ ವರ್ಷ ಮೇಲ್ಮನವಿಯಲ್ಲಿ ಆ ತೀರ್ಪು ಬಿದ್ದುಹೋಯಿತು. ಗೆದ್ದರು, ಸಂತೋಷ. ಆದರೆ ಸಣ್ಣ ಊರಿನ ಯಾವುದೋ ಶಾಲೆಯಲ್ಲಿ, ನಮ್ಮ ಊರಿನ ಯಹೂದಿಗಳು ಏನಾದರು ಅಂತ ಮಕ್ಕಳ ಕೈಯಲ್ಲಿ ಒಂದು ಪ್ರಬಂಧ ಬರೆಸಬೇಕೆಂದುಕೊಂಡಿದ್ದ ಮೇಷ್ಟ್ರು ಆ ಸುದ್ದಿ ಓದಿ ಏನು ತೀರ್ಮಾನಿಸಿರಬಹುದೆಂದು ನೀವೇ ಊಹಿಸಿ. ನೀವು ಕಣ್ಣೊರೆಸಿಕೊಂಡು ಕ್ಯಾಮೆರಾದ ಮಾತಿಗೆ ಹೊರಳಿದಾಗ ಒಂಟಿಯಾಗುವುದು ಆ ಮೇಷ್ಟ್ರು. ಮೆಚ್ಚಿದವರ ಮೌನ ಬೈದವರ ಕೂಗಿಗಿಂತ ಅವರಿಗೆ ಭಾರ.

ಫೆಲಿಕ್ಸನ ವಿಷಯ ಹೇಳಬೇಕು. ಅವನನ್ನು ದ್ವೇಷಿಸಲು ನನ್ನಿಂದ ಆಗಲಿಲ್ಲ, ಇದಕ್ಕೆ ನೀವು ಬೇಸರಪಟ್ಟರೂ ಸರಿ. ಎಲುಬುಗಳನ್ನು ಎತ್ತಿಕೊಟ್ಟು, ಹೆಂಗಸರಿಬ್ಬರೂ ಹೋದ ಮೇಲೆ, ಅವನು ಆ ಗುಂಡಿಯೊಳಗೇ ಕೂತುಬಿಡುತ್ತಾನೆ. ಇಡೀ ಚಿತ್ರದಲ್ಲಿ, ಚಿತ್ರದ ಹೊರಗಿನ ಈ ಎಲ್ಲ ಗದ್ದಲದಲ್ಲಿ, ಆ ಗುಂಡಿಯಿಂದ ಮುಖ ತಿರುಗಿಸಿಕೊಳ್ಳಲಾಗದೆ ಕೂತವನು ಅವನೊಬ್ಬನೇ. ಅವನ ಬಾಯಿಂದ ‘ನಾನು ಕೊಂದೆ’ ಎಂಬ ಮಾತು ಹೊರಟಿದೆ. ಮನೆ ಉಳಿಯಲಿ ಎಂಬ ಆಸೆಗೆ ಹೊರಟಿತೋ, ಎದೆಯ ಭಾರ ತಡೆಯದೆ ಹೊರಟಿತೋ, ಹೊರಟಿದೆ. ಸುತ್ತಲಿನ ನೂರಾರು ಮನೆಗಳಲ್ಲಿ, ಬೇರೆಯವರ ಹಾಸಿಗೆ, ಬೇರೆಯವರ ಬೀರು, ಬೇರೆಯವರ ಹೊಲಿಗೆ ಯಂತ್ರ ಇಟ್ಟುಕೊಂಡು ಇಪ್ಪತ್ತು ವರ್ಷ ಬಾಳಿದವರು, ತಾವು ಯಾರನ್ನೂ ಮುಟ್ಟಿದವರಲ್ಲ ಎಂದು ನೆಮ್ಮದಿಯಾಗಿದ್ದವರು, ಎಲ್ಲವನ್ನೂ ನೋಡಿದ್ದರು. ಪಾಪ ಮಾಡಿದವರಿಗಿಂತ ಪಾಪವನ್ನು ನೋಡಿದವರು ಎಷ್ಟೋ ಪಟ್ಟು ಹೆಚ್ಚು, ಅವರಿಗೆ ಕೂರಲು ಒಂದು ಗುಂಡಿಯೂ ಇಲ್ಲ.

ಇಂಥ ಗುಂಡಿಗಳು ಕಥೆಯಲ್ಲಿ ಮಾತ್ರ ಇರುವುದಲ್ಲ. ಪೋಲೆಂಡಿನ ಕಾಡಿನಂಚಿನಲ್ಲಿ, ಗೋಧಿ ಹೊಲದ ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ, ಗುರುತಿಲ್ಲದೆ ಹೂತುಹೋದ ಯಹೂದಿ ಸಮಾಧಿಗಳು ಇಂದಿಗೂ ಇವೆ. ‘ಮರೆತುಹೋದವರು’ ಎಂಬ ಅರ್ಥದ ‘ಜಪೊಮ್ನ್ಯಾನೆ’ ಎಂಬ ಪೋಲಿಷ್ ಸಂಸ್ಥೆ ವಾರ್ಸಾದ ಯಹೂದಿ ಧರ್ಮಗುರುಗಳ ಜೊತೆ ಸೇರಿ ಅವುಗಳನ್ನು ಒಂದೊಂದಾಗಿ ಹುಡುಕುತ್ತಿದೆ. ಸತ್ತವರ ನಿದ್ದೆ ಕೆಡಿಸಬಾರದೆಂಬುದು ಯಹೂದಿ ಧರ್ಮದ ಕಟ್ಟಳೆಯಾದ್ದರಿಂದ ಅವರು ಅಗೆಯುವುದಿಲ್ಲ. ಹಳೆಯ ವಿಮಾನ ಚಿತ್ರಗಳನ್ನು ನೋಡಿ, ನೆಲದೊಳಗೆ ಇಣುಕುವ ರೇಡಾರ್ ಉಪಕರಣ ಹಿಡಿದು, ಮಣ್ಣು ಎಲ್ಲಿ ಕದಡಿದೆಯೆಂದು ಗುರುತಿಸುತ್ತಾರೆ, ಜಾಗ ಖಚಿತವಾದರೆ ಮರದ ಒಂದು ಸಮಾಧಿ ಹಲಗೆ ನೆಡುತ್ತಾರೆ. ಆದರೆ ಯಾವ ಯಂತ್ರಕ್ಕೂ ಮುಂಚೆ ಅವರಿಗೆ ಬೇಕಾದದ್ದು ಒಬ್ಬ ಮನುಷ್ಯನ ಬಾಯಿಮಾತು: ಹಸು ಮೇಯಿಸಲು ಹೋಗಿದ್ದಾಗ ಪೊದೆಯ ಹಿಂದಿನಿಂದ ಕಂಡವರು, ಗುಂಡಿನ ಸದ್ದು ಎಣಿಸಿದವರು, ಮರುದಿನ ಮಣ್ಣು ಹಸಿಯಾಗಿತ್ತು ಅಂತ ನೆನಪಿರುವವರು. ಆಗ ಮಕ್ಕಳಾಗಿದ್ದ ಅವರಿಗೆ ಈಗ ತೊಂಬತ್ತರ ಆಚೀಚೆ. ಬದುಕಿಡೀ ಅವರನ್ನು ಯಾರೂ ಕೇಳಲಿಲ್ಲ. ಕೇಳಿದರೆ ಎಷ್ಟೋ ಜನ ಹೇಳುತ್ತಾರೆ, ಕೋಲೂರಿಕೊಂಡು ಬಂದು ಜಾಗ ತೋರಿಸುತ್ತಾರೆ. ಕೇಳುವವರು ಮೊಮ್ಮಕ್ಕಳಾಗಬೇಕು, ಪಾದ್ರಿಯಾಗಬೇಕು, ಶಾಲೆಯ ಮೇಷ್ಟ್ರಾಗಬೇಕು. ಕೇಳಿದ್ದಕ್ಕೆ ಅವರನ್ನು ದೇಶದ್ರೋಹಿ ಅನ್ನದ ಊರು ಬೇಕು.

ಅಂಥ ಊರು ಕಾನೂನಿನಿಂದ ಹುಟ್ಟುವುದಿಲ್ಲ. ಚಿತ್ರ ನೋಡಿ ಎದ್ದವರು ಮೊದಲು ಏನು ಮಾತಾಡುತ್ತಾರೆ ಅನ್ನುವುದರಿಂದ ಹುಟ್ಟುತ್ತದೆ. ಪಾವ್ಲಿಕೋವ್‌ಸ್ಕಿಯ ತಂದೆಯ ತಾಯಿ ಆಶ್ವಿಟ್ಜ್‌ನಲ್ಲಿ ಸತ್ತವರು. ಹದಿನಾಲ್ಕನೆಯ ವಯಸ್ಸಿಗೆ ಪೋಲೆಂಡ್ ಬಿಟ್ಟುಹೋದ ಆ ಮನುಷ್ಯ, ತನಗೆ ಎಷ್ಟೆಲ್ಲ ಕೋಪಕ್ಕೆ ಹಕ್ಕಿದ್ದರೂ, ಚಿತ್ರದಲ್ಲಿ ಒಂದು ಭಾಷಣವನ್ನೂ ಇಡಲಿಲ್ಲ, ಯಾರ ಕಡೆಗೂ ಬೆರಳು ತೋರಿಸಲಿಲ್ಲ, ಬರಿದೇ ಗುಂಡಿ ತೆಗೆದು ತೋರಿಸಿ ಪಕ್ಕಕ್ಕೆ ಸರಿದು ನಿಂತರು. ಜಾಗ ಬಿಟ್ಟದ್ದು ನಿಮಗಾಗಿ. ಅಲ್ಲಿ ನಿಲ್ಲಬೇಕಾದವರು ನೀವು.

ಹಾಗಾಗಿ, ಕಣ್ಣೊರೆಸಿಕೊಂಡವರೇ, ನಿಮ್ಮಲ್ಲಿ ಯಾರಾದರೂ ಈ ಚಿತ್ರವನ್ನು ಮುಂದೆ ಎಂದಾದರೂ ನಿಮ್ಮೂರಿನ ಫಿಲ್ಮ್ ಸೊಸೈಟಿಯಲ್ಲೋ ಕಾಲೇಜಿನಲ್ಲೋ ತೋರಿಸುವುದಾದರೆ, ಮುಗಿದ ಮೇಲಿನ ಮಾತುಕತೆಯನ್ನು ನಡೆಸುವ ಕೆಲಸ ನಿಮ್ಮ ಪಾಲಿಗೆ ಬಂದರೆ, ಮೊದಲ ಪ್ರಶ್ನೆ ಛಾಯಾಗ್ರಹಣದ್ದಾಗದಿರಲಿ, ಆಸ್ಕರಿನದ್ದಾಗದಿರಲಿ, ಯಾವ ದೇಶ ಎಷ್ಟು ತಪ್ಪಿತಸ್ಥ ಎಂಬ ಲೆಕ್ಕದ್ದೂ ಆಗದಿರಲಿ. ಕಪ್ಪಗಿದ್ದ ಎಂಬ ಕಾರಣಕ್ಕೆ, ನೆನ್ನೆಯ ತನಕ ತನಗೆ ಊಟ ತಂದುಕೊಡುತ್ತಿದ್ದ ಮನೆಯವನ ಕೈಯಿಂದಲೇ ಸತ್ತ ಆ ಹುಡುಗನ ಬಗ್ಗೆ ಕೇಳಿ. ಸಭೆ ಸುಮ್ಮನಾಗುತ್ತದೆ. ಆ ಮುಜುಗರ ತಪ್ಪಿಸಿಕೊಳ್ಳಲು ನೀವು ಬೇರೆ ವಿಷಯಕ್ಕೆ ಹೊರಳಬೇಡಿ, ದಯವಿಟ್ಟು ತುಸು ತಾಳಿ. ಯಾರಾದರೊಬ್ಬರು ಮಾತಾಡಿಯೇ ಆಡುತ್ತಾರೆ.